ಮಂತ್ರಿ ಬೇಡ, ಕಮಿಸಾರ್ ಇರಲಿ

1917ರಲ್ಲಿ ರಷ್ಯದ ರಾಜಧಾನಿ ಪೆತ್ರೊಗ್ರಾದ್‌ನಲ್ಲಿ ‘ಮಂತ್ರಿ’ ಎಂಬುದು ಹೆಚ್ಚುಕಡಿಮೆ ಬೈಗುಳವಾಗಿತ್ತು. ಆ ವರ್ಷದ ಜೂನ್ ಮೆರವಣಿಗೆಯಲ್ಲಿ ಕಾರ್ಮಿಕರೂ ಸೈನಿಕರೂ ಹಿಡಿದು ನಡೆದ ಬ್ಯಾನರುಗಳಲ್ಲಿ ‘ಹತ್ತು ಬಂಡವಾಳಶಾಹಿ ಮಂತ್ರಿಗಳು ತೊಲಗಲಿ’ ಎಂದು ಬರೆದಿತ್ತು. ಝಾರ್ ಹೋದ ಮೇಲೂ ಯುದ್ಧ ನಿಲ್ಲಿಸದ, ರೈತರಿಗೆ ಜಮೀನು ಕೊಡದ ತಾತ್ಕಾಲಿಕ ಸರ್ಕಾರದ ಮೇಲಿನ ಸಿಟ್ಟೆಲ್ಲ ಆ ಒಂದು ಪದಕ್ಕೆ ಅಂಟಿಕೊಂಡಿತ್ತು. ನವೆಂಬರಿನಲ್ಲಿ ಬೊಲ್ಶೆವಿಕರು ಅಧಿಕಾರ ಹಿಡಿದಾಗ ಅವರ ನಾಯಕ ಲೆನಿನ್ ಮುಂದೆ ಬಂದು ನಿಂತ ಪ್ರಶ್ನೆಗಳಲ್ಲಿ ಇದೂ ಒಂದು: ಸಂಪುಟದವರನ್ನು ಏನೆಂದು ಕರೆಯುವುದು? ಮಂತ್ರಿ ಅಂತೂ ಬೇಡ. ‘ಕಮಿಸಾರ್’ ಎಂದು ಸೂಚಿಸಿದ್ದು ತಾನೇ ಎಂದು ಲೆನಿನ್ ಜೊತೆಗಾರ ಟ್ರಾಟ್‌ಸ್ಕಿ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಊರ ತುಂಬ ಆಗಲೇ ಬೇಕಾದಷ್ಟು ಕಮಿಸಾರರಿದ್ದರು. ಅದಕ್ಕೇ ಮುಂದೆ ‘ಜನತಾ’ ಎಂದು ಸೇರಿಸಿದರಂತೆ. ಇದರಲ್ಲಿ ಕ್ರಾಂತಿಯ ವಾಸನೆ ಇದೆ ಎಂದು ಲೆನಿನ್ ಖುಷಿಪಟ್ಟರಂತೆ.

ಲ್ಯಾಟಿನ್ ಮೂಲದಲ್ಲಿ ಈ ಪದಕ್ಕೆ ‘ಕೆಲಸ ಒಪ್ಪಿಸಲ್ಪಟ್ಟವನು’ ಎಂಬ ಅರ್ಥ. ಫ್ರೆಂಚ್ ಕ್ರಾಂತಿಯ ಕಾಲದಲ್ಲೂ ಚಲಾವಣೆಯಲ್ಲಿದ್ದ ಪದ ಅದು. ನಮ್ಮ ‘ಕಮಿಷನರ್’ ಅದೇ ಬಳ್ಳಿಯದು. 1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ಕೈಗೆ ತೆಗೆದುಕೊಂಡ ಮೇಲೆ, 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಆಳಿದ್ದು ಈ ಹುದ್ದೆಯಲ್ಲೇ. ಕೆಲಸ ಒಪ್ಪಿಸಿದ್ದು ಯಾರು ಎಂದು ಕೇಳಿದರೆ ಈ ಪದದ ಬಣ್ಣ ತಿಳಿಯುತ್ತದೆ. ಕಬ್ಬನ್‌ಗೆ ಒಪ್ಪಿಸಿದ್ದು ಕಂಪನಿ ಸರ್ಕಾರ. ಪೆತ್ರೊಗ್ರಾದ್‌ನಲ್ಲಿ ಒಪ್ಪಿಸಿದ್ದು ಕಾರ್ಮಿಕರ, ಸೈನಿಕರ ಪ್ರತಿನಿಧಿ ಸಮಿತಿಗಳಾದ ಸೋವಿಯತ್ತುಗಳ ಎರಡನೇ ಮಹಾಸಭೆ. ಕನಿಷ್ಠ ಆ ಸಭೆ ಸಂಪುಟವನ್ನು ಒಪ್ಪಿದ ರಾತ್ರಿಯ ಮಟ್ಟಿಗೆ ಅದು ನಿಜ.

ಆ ಸಂಪುಟದ ಮೊದಲ ಪಟ್ಟಿಯನ್ನು ನಾನು ಮತ್ತೆ ಮತ್ತೆ ಓದುತ್ತೇನೆ. ಅಧ್ಯಕ್ಷ ಲೆನಿನ್ ಸೇರಿ ಹದಿನೈದು ಹೆಸರು. ವಿದೇಶಾಂಗ ಟ್ರಾಟ್‌ಸ್ಕಿಗೆ, ಒಳಾಡಳಿತ ರಿಕೊವ್‌ಗೆ, ಶಿಕ್ಷಣ ಲುನಚಾರ್‌ಸ್ಕಿಗೆ. ಕಾರ್ಮಿಕ ಖಾತೆ ಲೋಹದ ಕಾರ್ಖಾನೆಯಲ್ಲಿ ದುಡಿದಿದ್ದ ಶ್ಲ್ಯಾಪ್ನಿಕೊವ್‌ಗೆ. ಸೇನೆ ಮತ್ತು ನೌಕಾಪಡೆ ಮೂವರ ಸಮಿತಿಗೆ. ಅವರಲ್ಲಿ ದಿಬೆಂಕೊ ಬಾಲ್ಟಿಕ್ ನೌಕಾಪಡೆಯ ನಾವಿಕ. ಸ್ಟಾಲಿನ್‌ಗೆ ಜನಾಂಗಗಳ ವ್ಯವಹಾರ. ರೈಲ್ವೆ ಖಾತೆ ಖಾಲಿ, ಏಕೆಂದರೆ ರೈಲ್ವೆ ನೌಕರರ ಸಂಘ ಬೊಲ್ಶೆವಿಕರಷ್ಟೇ ಇರುವ ಸರ್ಕಾರವನ್ನು ಒಪ್ಪಲಿಲ್ಲ. ಕೆಲವೇ ದಿನಗಳಲ್ಲಿ ಸಮಾಜ ಕಲ್ಯಾಣಕ್ಕೆ ಅಲೆಕ್ಸಾಂದ್ರಾ ಕೊಲ್ಲೊಂತಾಯ್ ಬಂದರು. ಹೆಂಗಸರಿಗೆ ವೋಟೇ ಇಲ್ಲದ ದೇಶಗಳು ಹೆಚ್ಚಿದ್ದ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಸಂಪುಟದಲ್ಲಿ ಕೂತದ್ದು ಸಣ್ಣ ಮಾತಲ್ಲ.

ಹೆಸರುಗಳೇನೋ ಬಂದವು, ಕಚೇರಿಗಳೆಲ್ಲಿ? ಹಳೆಯ ಸಚಿವಾಲಯಗಳ ನೌಕರರು ಮುಷ್ಕರ ಹೂಡಿದ್ದರು. ಸರ್ಕಾರ ಕೂತಿದ್ದ ಸ್ಮೋಲ್ನಿ ಎಂಬುದು ಕುಲೀನರ ಮನೆಯ ಹೆಣ್ಣುಮಕ್ಕಳಿಗಾಗಿ ನಡೆಯುತ್ತಿದ್ದ ಶಾಲೆಯ ಕಟ್ಟಡ. ಸ್ಟಾಲಿನ್ ಜೊತೆ ಕೆಲಸಕ್ಕೆ ಸೇರಿದ ಪೆಸ್ತ್‌ಕೊವ್‌ಸ್ಕಿ ಎಂಬಾತ ಅಲ್ಲೊಂದು ಕೋಣೆಯಲ್ಲಿ ಮೇಜು ಹುಡುಕಿ, ಅದನ್ನು ಗೋಡೆಗೆ ಒತ್ತಿಟ್ಟು, ಮೇಲೆ ಕಮಿಸಾರಿಯತ್ತಿನ ಹೆಸರು ಬರೆದ ಹಾಳೆ ಅಂಟಿಸಿ, ಕುರ್ಚಿ ಹಾಕಿದ. ಇಲಾಖೆ ಶುರುವಾಯಿತು! ಈ ಪದದ ಇಡೀ ಬದುಕಿನಲ್ಲಿ ನನಗೆ ಬಹಳ ಇಷ್ಟವಾಗುವ ಗಳಿಗೆ ಇದು. ಆಗ ಆ ಹಾಳೆಯ ಹಿಂದೆ ಅದನ್ನು ಬರೆದವರ ನಂಬಿಕೆ ಬಿಟ್ಟರೆ ಹೆಚ್ಚೇನೂ ಇರಲಿಲ್ಲ.

ನಂಬಿಕೆಗೆ ಪೆಟ್ಟು ಬೀಳಲು ತಡವಾಗಲಿಲ್ಲ. ಎಲ್ಲ ಸಮಾಜವಾದಿ ಪಕ್ಷಗಳೂ ಸೇರಿದ ಸರ್ಕಾರ ಬೇಕು ಎಂದು ರಿಕೊವ್ ಸೇರಿ ನಾಲ್ವರು ಹತ್ತು ದಿನಗಳಲ್ಲೇ ರಾಜೀನಾಮೆ ಕೊಟ್ಟರು. ಡಿಸೆಂಬರಿನಲ್ಲಿ ಎಡ ಸಮಾಜವಾದಿ ಕ್ರಾಂತಿಕಾರಿಗಳು ಸಂಪುಟ ಸೇರಿದರು. ಜರ್ಮನಿಯೊಂದಿಗಿನ ಬ್ರೆಸ್ಟ್ ಒಪ್ಪಂದವನ್ನು ವಿರೋಧಿಸಿ ಮಾರ್ಚಿನಲ್ಲಿ ಹೊರನಡೆದರು. ಮುಂದೆ ಒಂದೇ ಪಕ್ಷ. 1919ರಲ್ಲಿ ಆ ಪಕ್ಷದ ಐವರು ಸದಸ್ಯರ ಪೊಲಿಟ್‌ಬ್ಯೂರೊ ಬಂದ ಮೇಲೆ ದೊಡ್ಡ ತೀರ್ಮಾನಗಳು ಬರಬರುತ್ತ ಅಲ್ಲಿಗೇ ಹೋದವು. ಕೆಲಸ ಒಪ್ಪಿಸುವ ಕೈ ಬದಲಾಯಿತು, ಪದ ಹಾಗೇ ಉಳಿಯಿತು.

ಜನ ‘ಜನತಾ ಕಮಿಸಾರ್’ ಎಂಬುದನ್ನು ಮೊಟಕು ಮಾಡಿ ‘ನರ್ಕೊಮ್’ ಎಂದರು. ಸಂಪುಟ ‘ಸೊವ್‌ನರ್ಕೊಮ್’ ಆಯಿತು, ಶಿಕ್ಷಣ ಇಲಾಖೆ ‘ನರ್ಕೊಮ್‌ಪ್ರೊಸ್’ ಆಯಿತು. ಎರಡನೇ ಮಹಾಯುದ್ಧದಲ್ಲಿ ಮುಂಚೂಣಿಯ ಸೈನಿಕನಿಗೆ ಸಿಗುತ್ತಿದ್ದ ವೋಡ್ಕಾದ ಹೆಸರು ‘ನರ್ಕೊಮನ ನೂರು ಗ್ರಾಂ’. ಆದರೆ ಜಗತ್ತು ನೆನಪಿಟ್ಟಿರುವುದು ರಹಸ್ಯ ಪೊಲೀಸರ ಹೆಸರಾದ ಎನ್‌ಕೆವಿಡಿ ಎಂಬ ನಾಲ್ಕಕ್ಷರವನ್ನು. ಅದನ್ನು ಬಿಡಿಸಿದರೆ ಆಂತರಿಕ ವ್ಯವಹಾರಗಳ ಜನತಾ ಕಮಿಸಾರಿಯತ್ತು. ಅದರೊಳಗೂ ‘ಜನತಾ’ ಇದೆ. ಮೊದಲ ಪಟ್ಟಿಯ ಹಲವರ ಮೇಲೆ ಕೈಯಿಟ್ಟದ್ದು ಅದೇ ಇಲಾಖೆ. ಶ್ಲ್ಯಾಪ್ನಿಕೊವ್‌ರನ್ನು 1937ರಲ್ಲಿ ಗುಂಡಿಟ್ಟು ಕೊಂದರು. ರಿಕೊವ್, ದಿಬೆಂಕೊ, ಆ ಸಮಿತಿಯ ಇನ್ನಿಬ್ಬರಾದ ಕ್ರಿಲೆಂಕೊ ಮತ್ತು ಅಂತೊನೊವ್-ಒವ್‌ಸೆಯೆಂಕೊ ಅವರನ್ನು 1938ರಲ್ಲಿ. ಟ್ರಾಟ್‌ಸ್ಕಿಯ ಕೊಲೆ 1940ರಲ್ಲಿ, ಮೆಕ್ಸಿಕೊದಲ್ಲಿ. ಲುನಚಾರ್‌ಸ್ಕಿ 1933ರಲ್ಲೇ ಕಾಯಿಲೆಯಿಂದ ತೀರಿಕೊಂಡಿದ್ದರು. 1941ರ ಮೇ ತಿಂಗಳಲ್ಲಿ ಕಮಿಸಾರರ ಮಂಡಲಿಯ ಅಧ್ಯಕ್ಷ ಸ್ಥಾನಕ್ಕೆ ಬಂದು ಕೂತವರು, ಸ್ಮೋಲ್ನಿಯಲ್ಲಿ ಆ ಹಾಳೆ ಅಂಟಿಸಿದ ಮೇಜಿನ ಒಡೆಯ.

1946ರ ಮಾರ್ಚಿನಲ್ಲಿ ಅವರೇ ಪದವನ್ನೂ ತೆಗೆದರು. ಕಮಿಸಾರ್ ಎಂಬುದು ಅಂತರ್ಯುದ್ಧದ, ಒಡೆದು ಕಟ್ಟುವ ಕಾಲದ ಹೆಸರು, ಆ ಕಾಲ ಮುಗಿಯಿತು, ಮಂತ್ರಿ ಎಂದರೆ ಜನರಿಗೂ ಚೆನ್ನಾಗಿ ಅರ್ಥವಾಗುತ್ತದೆ ಎಂಬುದು ಸ್ಟಾಲಿನ್ ಕೊಟ್ಟ ಕಾರಣ. ಹೀಗೆ 1917ರಲ್ಲಿ ಬೀದಿಯ ಜನ ತೊಲಗಲಿ ಎಂದಿದ್ದ ಪದ ಫಲಕಗಳ ಮೇಲೆ ಮರಳಿತು. ನನಗೆ ಇದರಲ್ಲಿ ನೋವು ಕಾಣುತ್ತದೆ. ಕಮಿಸಾರ್ ಎಂಬ ಪದವನ್ನು ನಂಬಿ ಜೀವ ತೆತ್ತವರು ಎಷ್ಟೋ ಮಂದಿ; ಅವರನ್ನು ಕೇಳಿ ಅದನ್ನು ತಂದಿರಲಿಲ್ಲ, ಉಳಿದವರನ್ನು ಕೇಳಿ ತೆಗೆಯಲೂ ಇಲ್ಲ.

ಆದರೂ ಒಂದು ಕಡೆ ಆ ಪದ ಇನ್ನೂ ಬದುಕಿದೆ. 1918ರ ಏಪ್ರಿಲ್‌ನಲ್ಲಿ ಸೊವ್‌ನರ್ಕೊಮ್ ಆದೇಶದಿಂದ ಊರೂರಲ್ಲಿ ಹುಟ್ಟಿಕೊಂಡ ಸೇನಾ ಕಮಿಸಾರಿಯತ್ತುಗಳು, ರಷ್ಯನ್ನರ ಆಡುಮಾತಿನಲ್ಲಿ ‘ವಯೆನ್‌ಕೊಮಾತ್’, ಸೋವಿಯತ್ ದೇಶವೇ ಅಳಿದ ಮೇಲೂ ಮುಚ್ಚಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಉಕ್ರೇನ್ ಯುದ್ಧಕ್ಕೆ ಜನರನ್ನು ಕರೆಯುವ ನೋಟಿಸುಗಳು ರಷ್ಯದ ಮನೆಮನೆಗೆ ಬಂದದ್ದು ಆ ಕಚೇರಿಗಳಿಂದಲೇ.