ಸೈಕಲ್ ಕೊಟ್ಟರು, ದಾರಿ ಯಾರು ಕೊಡ್ತಾರೆ?

ಸಂಜೆ ನಾಲ್ಕೂವರೆ ಹೊತ್ತಿಗೆ ಹಾಸನದ ಬಿ.ಎಂ. ರಸ್ತೆಯ ಬದಿಯಲ್ಲಿ ಹತ್ತು ನಿಮಿಷ ನಿಂತು ನೋಡಿ. ಬಸ್ಸು, ಲಾರಿ, ಕಾರು, ಆಟೊ, ಬೈಕು. ಇವುಗಳ ಪಕ್ಕದಲ್ಲಿ, ಡಾಂಬರು ಮುಗಿದು ಮಣ್ಣು ಶುರುವಾಗುವ ಆ ಅಂಚಿನಲ್ಲಿ, ಬೆನ್ನಿಗೆ ಬ್ಯಾಗು ಏರಿಸಿಕೊಂಡ ಒಬ್ಬ ಹೈಸ್ಕೂಲ್ ಹುಡುಗಿ ಸೈಕಲ್ ತುಳಿದುಕೊಂಡು ಹೋಗ್ತಾ ಇರ್ತಾಳೆ. ಹಿಂದಿನಿಂದ ಹಾರ್ನ್ ಕೇಳಿದ ತಕ್ಷಣ ಕೆಳಗಿಳಿದು ನಿಲ್ಲುತ್ತಾಳೆ. ಗಾಡಿ ಹೋದ ಮೇಲೆ ಮತ್ತೆ ಹತ್ತುತ್ತಾಳೆ. ಮನೆ ಸೇರುವುದರೊಳಗೆ ಎಷ್ಟು ಸಲ ಇಳಿದಳು, ಎಷ್ಟು ಸಲ ಹತ್ತಿದಳು, ಲೆಕ್ಕ ಇಟ್ಟವರಿಲ್ಲ.

ಆ ರಸ್ತೆ ಯಾರದು? ಇವತ್ತಿನ ಪ್ರಶ್ನೆ ಇಷ್ಟೇ. ಉತ್ತರ ಬೇಕು ಅಂದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಇವತ್ತು ನಾವು ನೋಡುವ ಎರಡು ಸಮ ಚಕ್ರದ, ಚೈನು ಇರುವ ಸೈಕಲ್ಲಿಗೆ ರೂಪ ಬಂದಿದ್ದು 1885ರಲ್ಲಿ, ಇಂಗ್ಲೆಂಡಿನಲ್ಲಿ. ಮೂರು ವರ್ಷದಲ್ಲಿ ಡನ್‌ಲಪ್ ಗಾಳಿ ತುಂಬುವ ಟೈರು ತಂದ. ನಮ್ಮ ಕಡೆಗೆ ಬಹಳ ಕಾಲ ಅದು ಆಮದು ಮಾಲು. ರ್ಯಾಲಿ, ಹಂಬರ್ ಅಂತ ವಿಲಾಯಿತಿ ಹೆಸರುಗಳು, ಬಡವರಿಗೆ ಎಟುಕದ ಬೆಲೆ. ಸ್ವಾತಂತ್ರ್ಯ ಬಂದ ಮೇಲೆ ಚಿತ್ರ ಬದಲಾಯಿತು. 1949ರಲ್ಲಿ ಮದರಾಸಿನಲ್ಲಿ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೊ. ದೇಶದಲ್ಲೇ ತಯಾರಾದ ಮೇಲೆ ಮೇಷ್ಟ್ರು, ಪೋಸ್ಟ್‌ಮ್ಯಾನ್, ಹಾಲಿನವರು, ಪೇಪರ್ ಹುಡುಗರು ಎಲ್ಲರೂ ಸೈಕಲ್ ಹತ್ತಿದರು.

ಆ ಕಾಲದವರನ್ನು ಕೇಳಿ ನೋಡಿ. ಬಾಡಿಗೆ ಸೈಕಲ್ ತಂದು, ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಮಂಡಿ ತರಚಿಕೊಂಡ ಕಥೆ ಒಬ್ಬೊಬ್ಬರ ಹತ್ತಿರ ಒಂದೊಂದು ಇರುತ್ತೆ. ಜೊತೆಗೆ ಇನ್ನೊಂದು ಕಥೆಯೂ ಇರುತ್ತೆ, ಬಿಲ್ಲೆಯದು. ಪುರಸಭೆಗಳು ಸೈಕಲ್ಲಿಗೂ ತೆರಿಗೆ ಹಾಕುತ್ತಿದ್ದ ಕಾಲ ಅದು. ದುಡ್ಡು ಕಟ್ಟಿದರೆ ಒಂದು ಲೋಹದ ಬಿಲ್ಲೆ ಕೊಡೋರು, ಅದನ್ನು ಸೈಕಲ್ಲಿಗೆ ಕಟ್ಟಿಕೊಳ್ಳಬೇಕು. ರಾತ್ರಿ ದೀಪ ಇಲ್ಲದೆ ಹೋದರೆ ಪೊಲೀಸರು ಹಿಡಿಯೋರು. ಡಬಲ್ ಹೊಡೆದರೂ ಹಿಡಿಯೋರು, ಚಕ್ರದ ಗಾಳಿ ಬಿಡೋರು.

ನಗು ಬರುತ್ತೆ, ಅಲ್ವಾ? ಆದರೆ ಒಂದು ಮಾತು ಗಮನಿಸಿ. ತೆರಿಗೆ ಹಾಕಬೇಕಾದರೆ ಎಣಿಸಬೇಕು, ಎಣಿಸಬೇಕಾದರೆ ಕಣ್ಣಿಗೆ ಕಾಣಬೇಕು. ಬಿಲ್ಲೆ ಇದ್ದ ಕಾಲದಲ್ಲಿ ಊರಿನ ಆಡಳಿತಕ್ಕೆ ಸೈಕಲ್ ಒಂದು ವಾಹನವಾಗಿತ್ತು. ಬಿಲ್ಲೆ ಹೋಯಿತು, ಒಳ್ಳೆಯದೇ ಆಯಿತು. ಅದರ ಜೊತೆಗೆ ಲೆಕ್ಕವೂ ಹೋಯಿತು.

1980ರಲ್ಲಿ ನಮ್ಮ ಗಡಿಯಾಚೆಯ ಹೊಸೂರಿನಿಂದ ಟಿವಿಎಸ್ 50 ಬಂತು. ಹಾಲಿನ ಕ್ಯಾನು ಸೈಕಲ್ಲಿನ ಕ್ಯಾರಿಯರ್‌ನಿಂದ ಅದರ ಮೇಲಕ್ಕೆ ಹೋಯಿತು. 1985ರಲ್ಲಿ ಹೀರೊ ಹೋಂಡಾ ಬೈಕು ಬಂತು. ಸೈಕಲ್ ಮಾಡುತ್ತಿದ್ದ ಹೀರೊ ಮನೆತನವೇ ಬೈಕಿಗೆ ಬಂದಿತ್ತು! ಆಮೇಲೆ ಸಾಲದ ಕಂತು ಸಲೀಸಾಯಿತು. ಸೈಕಲ್ ಅಂದ್ರೆ ಬೈಕು ಕೊಳ್ಳೋಕೆ ಆಗದವನ ಗಾಡಿ ಅನ್ನುವ ಹಾಗಾಯಿತು. ಹಾಗಂತ ಅದು ಮಾಯವಾಯಿತಾ? ಇಲ್ಲ. 2011ರ ಜನಗಣತಿಯಲ್ಲೂ ದೇಶದ ನೂರರಲ್ಲಿ ಸುಮಾರು 45 ಮನೆಗಳಲ್ಲಿ ಸೈಕಲ್ ಇತ್ತು. ಮೋಟಾರು ದ್ವಿಚಕ್ರ ಇದ್ದದ್ದು 21 ಮನೆಗಳಲ್ಲಿ. ರಸ್ತೆ ಮಾತ್ರ ಆ 21ರ ಲೆಕ್ಕದಲ್ಲಿ, ಕಾರಿನ ಲೆಕ್ಕದಲ್ಲಿ ಆಗುತ್ತಾ ಹೋಯಿತು.

ಈಗ ನಮ್ಮ ಜಿಲ್ಲೆಯ ಕಥೆಗೆ ಬನ್ನಿ. 2006ರಲ್ಲಿ ಮುಖ್ಯಮಂತ್ರಿ ಆಗಿದ್ದವರು ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ ಹುಟ್ಟಿದ ಎಚ್.ಡಿ. ಕುಮಾರಸ್ವಾಮಿ. ಬಜೆಟ್ ಓದಿದವರು ಹಣಕಾಸು ಖಾತೆ ಹೊಂದಿದ್ದ ಬಿ.ಎಸ್. ಯಡಿಯೂರಪ್ಪ. 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾಯಿತು. ಮೊದಲು ಬಡ ಕುಟುಂಬದ ಹೆಣ್ಣುಮಕ್ಕಳಿಗೆ, ಆಮೇಲೆ ಗಂಡುಮಕ್ಕಳಿಗೂ. ಹಾಸ್ಟೆಲ್‌ನಲ್ಲಿ ಇರೋರಿಗೆ, ಬಸ್ ಪಾಸ್ ಇರೋರಿಗೆ ಇಲ್ಲ. ನಾನು ಅಷ್ಟು ಹೊತ್ತಿಗೆ ಹೈಸ್ಕೂಲ್ ದಾಟಿದ್ದೆ, ನನಗೆ ಸಿಗಲಿಲ್ಲ. ಹೊಟ್ಟೆಕಿಚ್ಚು ಪಟ್ಟಿದ್ದು ನೆನಪಿದೆ.

ಎಂಟನೇ ಕ್ಲಾಸೇ ಯಾಕೆ? ಹಳ್ಳಿಯ ಶಾಲೆ ಹೆಚ್ಚಿನ ಕಡೆ ಏಳಕ್ಕೇ ಮುಗಿಯುತ್ತೆ. ಎಂಟಕ್ಕೆ ಹೋಬಳಿಗೋ ತಾಲ್ಲೂಕಿಗೋ ಹೋಗಬೇಕು. ಅರಕಲಗೂಡು ಕಡೆಯವರು ಕೊಣನೂರಿಗೆ, ಹೊಳೆನರಸೀಪುರದ ಕಡೆಯವರು ಹಳ್ಳಿಮೈಸೂರಿಗೆ, ಚನ್ನರಾಯಪಟ್ಟಣದ ಕಡೆಯವರು ಹಿರೀಸಾವೆಗೋ ನುಗ್ಗೇಹಳ್ಳಿಗೋ. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ‘ಓದಿದ್ದು ಸಾಕು ಬಿಡು ಮಗಳೇ’ ಅನ್ನುವ ಮಾತು ಮನೆಯಲ್ಲಿ ಬರುತ್ತಿದ್ದದ್ದು ಆ ನಾಲ್ಕೈದು ಕಿಲೋಮೀಟರಿನ ಕಾರಣಕ್ಕೇ.

ಇದರಿಂದ ಏನಾದರೂ ಉಪಯೋಗ ಆಯಿತಾ? ಅದೇ 2006ರಲ್ಲಿ ಬಿಹಾರ ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಟ್ಟಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅದನ್ನು ಅಳೆದರು. ಹೈಸ್ಕೂಲ್ ಸೇರುವ ಹುಡುಗಿಯರ ಪ್ರಮಾಣ ಶೇಕಡ 32ರಷ್ಟು ಏರಿತ್ತು. ಹುಡುಗ-ಹುಡುಗಿಯರ ನಡುವಿನ ಅಂತರ ಶೇಕಡ 40ರಷ್ಟು ಇಳಿದಿತ್ತು. ಒಂದು ಸೈಕಲ್ ಮಾಡಿದ ಕೆಲಸ ಇದು.

ನಮ್ಮಲ್ಲಿ ಕೋವಿಡ್ ಬಂತು, 2020ರಲ್ಲಿ ವಿತರಣೆ ನಿಂತಿತು. ಅದಕ್ಕೆ ಮುಂಚೆ ಸೈಕಲ್ಲಿನ ಗುಣಮಟ್ಟದ ಬಗ್ಗೆ ದೂರು ಬಂದವು. ಬ್ರೇಕ್ ಹಿಡಿಯಲ್ಲ, ಪೆಡಲ್ ಕಿತ್ತು ಬಂತು ಅಂತ ನಾವು ಟಿವಿಯವರು ಜೋರಾಗಿ ಕೂಗಿದೆವು. ಕೂಗಬೇಕಿತ್ತು, ಕೂಗಿದೆವು. ಆದರೆ ಆ ಮಗು ಅದನ್ನು ಎಲ್ಲಿ ಓಡಿಸಬೇಕು ಅಂತ ನಾವೂ ಕೇಳಲಿಲ್ಲ. ಹದಿನಾಲ್ಕು ವರ್ಷ ಲಕ್ಷಾಂತರ ಸೈಕಲ್ ಹಂಚಿದ ಸರ್ಕಾರಗಳು ಅದಕ್ಕೊಂದು ದಾರಿ ಬೇಕು ಅಂತ ಯೋಚಿಸಲಿಲ್ಲ. ಅತ್ತ ಚನ್ನರಾಯಪಟ್ಟಣದ ಪಕ್ಕದಲ್ಲಿ ಹೆದ್ದಾರಿ ನಾಲ್ಕು ಪಥ ಆಯಿತು. ಬೆಂಗಳೂರು ಹತ್ತಿರವಾಯಿತು, ಸಂತೋಷ. ಪಕ್ಕದ ಊರು ಮಾತ್ರ ಸೈಕಲ್ಲಿಗೆ ದೂರವಾಯಿತು.

‘ನಮ್ಮಲ್ಲಿ ಅಂಥ ನಿಯಮ ಇಲ್ಲವಲ್ಲ’ ಅಂತ ಅಧಿಕಾರಿಗಳು ಹೇಳಬಹುದು. ಇದೆ ಸ್ವಾಮಿ. ನಾನು ಎಂಜಿನಿಯರಿಂಗ್ ಓದಿದವನು. ಭಾರತೀಯ ರಸ್ತೆ ಕಾಂಗ್ರೆಸ್ ಅಂತ ಒಂದು ಸಂಸ್ಥೆ ಇದೆ. ಕಾಂಗ್ರೆಸ್ ಅಂದ ಕೂಡಲೇ ಪಕ್ಷ ಅಂದುಕೊಳ್ಳಬೇಡಿ, ರಸ್ತೆ ಹೇಗಿರಬೇಕು ಅಂತ ಹೇಳುವ ಎಂಜಿನಿಯರುಗಳ ಸಂಸ್ಥೆ ಅದು. 1962ರಲ್ಲೇ ಸೈಕಲ್ ದಾರಿಗೆ ಅಂತ ಒಂದು ಪುಸ್ತಿಕೆ ತಂದಿತು, ಐಆರ್‌ಸಿ 11. ಅದರಲ್ಲಿ ಏನು ಹೇಳಿತ್ತು ಗೊತ್ತಾ? ಗಂಟೆಗೆ 200ಕ್ಕಿಂತ ಹೆಚ್ಚು ಮೋಟಾರು ವಾಹನ ಓಡಾಡುವ ರಸ್ತೆಯಲ್ಲಿ, ಗಂಟೆಗೆ ಬರೀ 100 ಸೈಕಲ್ ಓಡಿದರೂ ಸಾಕು, ಪ್ರತ್ಯೇಕ ದಾರಿ ಮಾಡುವುದು ಸರಿ. ಅಗಲ ಕನಿಷ್ಠ ಎರಡು ಮೀಟರ್.

200 ಮೋಟಾರು ಗಾಡಿ ಬಿ.ಎಂ. ರಸ್ತೆಯಲ್ಲಿ ಎಷ್ಟು ನಿಮಿಷದಲ್ಲಿ ದಾಟುತ್ತವೆ, ನೀವೇ ಹೇಳಿ. ಇನ್ನು 100 ಸೈಕಲ್? ಎರಡು ಹೈಸ್ಕೂಲು ಒಟ್ಟಿಗೆ ಬಿಟ್ಟರೆ ಮುಗೀತು. ಇದು ಕಾನೂನಲ್ಲ, ಶಿಫಾರಸು. ಆದರೆ ಅರವತ್ತು ವರ್ಷ ಹಳೆಯ ಶಿಫಾರಸು. ಒಂದು ಸಂಜೆ ಕೂತು ಎಣಿಸೋಕೆ ಯಾವ ಟೆಂಡರೂ ಬೇಡ.

‘ಇದು ಹಾಲೆಂಡ್ ಅಲ್ಲ ಕಣ್ರೀ’ ಅನ್ನೋರು ಇದ್ದಾರೆ. ಹಾಲೆಂಡೂ ಹುಟ್ಟುತ್ತಲೇ ಹಾಲೆಂಡ್ ಆಗಿರಲಿಲ್ಲ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು. ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತನೊಬ್ಬ ಒಂದು ಲೇಖನ ಬರೆದ. ತಲೆಬರಹ, ‘ಮಕ್ಕಳ ಕೊಲೆ ನಿಲ್ಲಿಸಿ’. ಅದೇ ಚಳವಳಿಯ ಹೆಸರಾಯಿತು. ತಾಯಂದಿರು, ತಂದೆಯರು ಬೀದಿಗೆ ಬಂದರು. 1973ರಲ್ಲಿ ಪೆಟ್ರೋಲ್ ಬಿಕ್ಕಟ್ಟು ಬಂದು ಭಾನುವಾರ ಕಾರು ನಿಂತಾಗ, ಬೀದಿಯಲ್ಲಿ ಮಕ್ಕಳು ಆಡಬಹುದು ಅಂತ ಜನಕ್ಕೆ ಮತ್ತೆ ಗೊತ್ತಾಯಿತು. ಅಲ್ಲಿನ ಸೈಕಲ್ ದಾರಿ ಕೇಳಿ, ಜಗಳ ಆಡಿ ಪಡೆದದ್ದು.

ದಾರಿ ಮಾಡಿದರಷ್ಟೇ ಸಾಲದು ಅನ್ನೋದಕ್ಕೆ ಬೆಂಗಳೂರಿನ ಜಯನಗರವೇ ಸಾಕ್ಷಿ. ಅಲ್ಲಿ ಸೈಕಲ್ ಪಥ ಮಾಡಿದರು, ಕಾರು ನಿಲ್ಲಿಸುವ ಜಾಗ ಆಯಿತು. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ 450 ಸೈಕಲ್‌ಗಳ ಟ್ರಿಣ್ ಟ್ರಿಣ್ ಬಂತು, ಬಾಡಿಗೆ ಸೈಕಲ್ ಹೊಸ ರೂಪದಲ್ಲಿ ವಾಪಸ್ ಬಂದ ಹಾಗೆ. ಒಳ್ಳೆಯ ಕೆಲಸ. ಆದರೆ ಹಾಸನದ ಮಕ್ಕಳಿಗೆ ಬೇಕಾಗಿರುವುದು ಬಾಡಿಗೆ ಸೈಕಲ್ ಅಲ್ಲ. ಮನೆಯಲ್ಲಿರೋ ಸೈಕಲ್ಲನ್ನು ಹೆದರದೆ ಹೊರಗೆ ತೆಗೆಯುವ ಧೈರ್ಯ.

ನಮ್ಮ ಊರುಗಳ ಅಳತೆ ನೋಡಿ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಈ ಮೂರನ್ನೂ ಈ ತುದಿಯಿಂದ ಆ ತುದಿಗೆ ಸೈಕಲ್ಲಿನಲ್ಲಿ ಕಾಲು ಗಂಟೆಯಲ್ಲಿ ದಾಟಬಹುದು. ಹಾಸನಕ್ಕೆ ಅರ್ಧ ಗಂಟೆ ಅನ್ನಿ. ಬೆಂಗಳೂರು ಕೈ ಮೀರಿದೆ, ಇವು ಇನ್ನೂ ಮೀರಿಲ್ಲ.

ಕೇಳುತ್ತಿರುವುದು ಮೂರೇ ಮಾತು. ಶಾಲೆ ಬಿಡುವ ಹೊತ್ತಿಗೆ ಒಂದು ವಾರ ಸೈಕಲ್ ಎಣಿಸಿ, ಲೆಕ್ಕವನ್ನು ಜನರ ಮುಂದಿಡಿ. ಶಾಲೆಯ ರಸ್ತೆಗಳಲ್ಲಿ ಅಂಚಿಗೆ ನಿಲ್ಲಿಸಿದ ಗಾಡಿಗಳನ್ನು ತೆಗೆಸಿ, ಎರಡು ಮೀಟರ್ ಅಲ್ಲೇ ಸಿಗುತ್ತೆ. ಆ ರಸ್ತೆಗಳಲ್ಲಿ ವೇಗ 30ಕ್ಕೆ ಇಳಿಸಿ. 30ರಲ್ಲಿ ಬರುವ ಕಾರಿಗಿಂತ 60ರಲ್ಲಿ ಬರುವ ಕಾರಿನ ಹೊಡೆತದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಇದು ರಾಜಕೀಯ ಅಲ್ಲ, ಭೌತಶಾಸ್ತ್ರ.

ಸೈಕಲ್ ಕೊಟ್ಟಿದ್ದು ನಾವು ಅಂತ ಹೇಳಿಕೊಳ್ಳೋಕೆ ಎಲ್ಲ ಪಕ್ಷದವರೂ ಮುಂದೆ ಬರ್ತಾರೆ. ದಾರಿ ಕೊಟ್ಟಿದ್ದು ನಾವು ಅಂತ ಹೇಳೋಕೆ ಒಬ್ಬರಾದರೂ ಬರಲಿ. ಸಂಜೆ ನಾಲ್ಕೂವರೆಗೆ ಶಾಲೆ ಬಿಟ್ಟ ಆ ಹುಡುಗಿ, ಒಂದು ಸಲವೂ ಕೆಳಗಿಳಿಯದೆ ಮನೆ ಸೇರಲಿ.