ವಿಮಾನಕ್ಕೊಂದು ವೀರಗಲ್ಲು

ಬೆಳಗಾವಿಯಿಂದ ಖಾನಾಪುರದ ದಾರಿ ಹಿಡಿದವರಿಗೆ ಪೇಟೆಯ ಗದ್ದಲ ಹಿಂದೆ ಬೀಳುವಷ್ಟರಲ್ಲಿಯೇ ಮಚ್ಛೆ ಎದುರಾಗುತ್ತದೆ. ಕಾರಖಾನೆಗಳ ಸಾಲು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ‘ಜ್ಞಾನಸಂಗಮ’, ಬಸ್ಸಿಗಾಗಿ ಕಾದು ನಿಂತ ವಿದ್ಯಾರ್ಥಿಗಳು, ಪಾಳಿ ಮುಗಿಸಿ ಬರುವ ಕೆಲಸಗಾರರು: ಇದು ಇಂದಿನ ಮಚ್ಛೆ. ಇಲ್ಲಿ ಇತಿಹಾಸವನ್ನು ನೆನೆಯಬೇಕೆಂದು ಯಾರಿಗೂ ತೋರಲಾರದು. ಆದರೂ ಈ ರಸ್ತೆ ಎರಡು ದೊಡ್ಡ ನೆನಪುಗಳನ್ನು ಹೊತ್ತುಕೊಂಡು ಮಲಗಿದೆ.

ಮೊದಲನೆಯದು ಎಲ್ಲರಿಗೂ ಗೊತ್ತಿದ್ದದ್ದು. ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು ಗಲ್ಲಿಗೇರಿಸಿದರು. ಆತನ ಸಮಾಧಿಯ ಮೇಲೆ ಬೆಳೆದು ನಿಂತ ಆಲದ ಮರವನ್ನು ಆತನ ಸಂಗಡಿಗನೊಬ್ಬ ನೆಟ್ಟನೆಂದು ಜನ ಹೇಳುತ್ತಾರೆ. ಆಗ ಸರಕಾರ ಶತ್ರುವಿನದಾಗಿತ್ತು. ಕಲ್ಲು ನಿಲ್ಲಿಸುವ ಅಧಿಕಾರ ಜನರಿಗಿರಲಿಲ್ಲ. ಸಸಿ ನೆಡುವುದನ್ನು ಮಾತ್ರ ಯಾರೂ ತಡೆಯಲಾಗಲಿಲ್ಲ. ಇಂದು ನಂದಗಡಕ್ಕೆ ಹೋದವರು ಆ ಮರದ ನೆರಳಿನಲ್ಲಿ ಕೈಮುಗಿದು ನಿಲ್ಲುತ್ತಾರೆ.

ಎರಡನೆಯ ನೆನಪು ಅಷ್ಟು ಜನಜನಿತವಾದದ್ದಲ್ಲ. 1961ರ ಡಿಸೆಂಬರದಲ್ಲಿ ಗೋವೆಯನ್ನು ಪೋರ್ತುಗೀಜರಿಂದ ಬಿಡಿಸಲು ಹೊರಟ ಸೈನ್ಯಕ್ಕೆ ಬೆಳಗಾವಿಯೇ ಬೀಡಾಗಿತ್ತು. ಮಚ್ಛೆಯನ್ನು ದಾಟಿ ಖಾನಾಪುರ, ಲೋಂಡಾಗಳ ಕಡೆಗೆ ಸಾಗುವ ದಾರಿ ಮುಂದೆ ಅನಮೋಡದ ಘಟ್ಟವನ್ನಿಳಿದು ಗೋವೆಯನ್ನು ಸೇರುತ್ತದೆ. ಮೇಜರ್ ಜನರಲ್ ಕ್ಯಾಂಡೆತ್ ಅವರ ನೇತೃತ್ವದ 17ನೆಯ ಪದಾತಿ ವಿಭಾಗಕ್ಕೆ ಸೇರಿದ ಒಂದು ಬ್ರಿಗೇಡು ಡಿಸೆಂಬರ್ 18ರಂದು ಈ ಅನಮೋಡದ ಕಡೆಯಿಂದಲೇ ಗಡಿ ದಾಟಿ ಮೊಲ್ಲೆಮ್ ಮಾರ್ಗವಾಗಿ ಪೋಂಡಾದತ್ತ ನಡೆಯಿತು. ಮರುದಿನವೇ ಪೋರ್ತುಗೀಜ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವ ಶರಣಾಗತಿಗೆ ಸಹಿ ಹಾಕಿದನು. ನಾಲ್ಕೂವರೆ ಶತಮಾನಗಳ ಆಳಿಕೆ ಎರಡು ದಿನ ತುಂಬುವುದರೊಳಗೆ ಮುಗಿದುಹೋಯಿತು.

ನೆಲದ ಮೇಲೆ ಈ ನಡೆ ಸಾಗಿದ್ದಾಗ ಊರಿನ ಇನ್ನೊಂದು ಮಗ್ಗುಲಿನಿಂದ ಆಕಾಶದ ನಡೆಯೂ ಸಾಗಿತ್ತು. ಬೆಳಗಾವಿಯ ಪೂರ್ವಕ್ಕಿರುವ ಸಾಂಬ್ರಾದ ವಿಮಾನ ನಿಲ್ದಾಣವನ್ನು 1942ರಲ್ಲಿ ಬ್ರಿಟಿಷ್ ವಾಯುದಳ ಕಟ್ಟಿತು. ಬರ್ಮಾದ ಯುದ್ಧಕ್ಕೆ ನೆರವಾಗಲು ಅಲ್ಲಿ ತರಬೇತಿ ನಡೆಯುತ್ತಿತ್ತು. ಪರಕೀಯರು ತಮ್ಮ ಯುದ್ಧಕ್ಕೆಂದು ಹಾಸಿದ ಆ ಓಡುದಾರಿ ಹತ್ತೊಂಬತ್ತು ವರ್ಷಗಳ ತರುವಾಯ ನಮ್ಮ ನೆಲದ ಬಿಡುಗಡೆಗೆ ಬಳಕೆಯಾಯಿತು. ಡಿಸೆಂಬರ್ 18ರಂದು ಸಾಂಬ್ರಾದಿಂದ ಎದ್ದ ಆರು ಹಂಟರ್ ವಿಮಾನಗಳು ಬಾಂಬೋಲಿಮ್ಮಿನ ನಿಸ್ತಂತು ಕೇಂದ್ರದ ಮೇಲೆ ಎರಗಿದವು. ಪುಣೆಯಿಂದ ಹೊರಟ ಹನ್ನೆರಡು ಕ್ಯಾನ್‌ಬೆರಾ ವಿಮಾನಗಳು ದಾಬೋಲಿಮ್ಮಿನ ಓಡುದಾರಿಯ ಮೇಲೆ 63,000 ಪೌಂಡು ತೂಕದ ಬಾಂಬುಗಳನ್ನು ಸುರಿದವು. ವಿಮಾನ ನಿಲ್ದಾಣದ ಕಟ್ಟಡಗಳನ್ನು ಮುಟ್ಟಬಾರದೆಂದು ಕಟ್ಟಪ್ಪಣೆಯಿತ್ತು, ಅವು ಉಳಿದವು. ಅಂದು ರಾತ್ರಿ ಪೋರ್ತುಗೀಜರು ಓಡುದಾರಿಯನ್ನು ಅವಸರದಿಂದ ತೇಪೆ ಹಾಕಿ, ಎರಡು ವಿಮಾನಗಳಲ್ಲಿ ಹೆಂಗಸರು ಮಕ್ಕಳನ್ನು ತುಂಬಿಕೊಂಡು ಕರಾಚಿಗೆ ಪಾರಾದರು.

ಇದೇ ಕಾರ್ಯಾಚರಣೆಯಲ್ಲಿ ಒಂದು ತಪ್ಪೂ ನಡೆಯಿತು. ನಮ್ಮವೇ ಎರಡು ವ್ಯಾಂಪೈರ್ ವಿಮಾನಗಳು ನಮ್ಮದೇ ಸಿಖ್ ಲಘು ಪದಾತಿಯ ನೆಲೆಯ ಮೇಲೆ ರಾಕೆಟ್ಟು ಹಾರಿಸಿ ಇಬ್ಬರು ಸೈನಿಕರನ್ನು ಗಾಯಗೊಳಿಸಿದವು. ಇದನ್ನಿಲ್ಲಿ ಹೇಳುವುದು ಯಾರನ್ನೂ ಹಳಿಯುವುದಕ್ಕಲ್ಲ. ಯುದ್ಧವೆಂದರೆ ಹೀಗೆಯೇ ಇರುತ್ತದೆ. ಅದರ ಸ್ಮರಣೆಯಲ್ಲಿ ಇಂಥ ಸಂಗತಿಗೂ ಒಂದು ಮೂಲೆ ಇರಬೇಕೆಂಬುದು ನಮ್ಮ ಅಭಿಪ್ರಾಯ.

ಈಗ ಸ್ಮರಣೆಯ ಮಾತಿಗೆ ಬರೋಣ.

ನಮ್ಮ ನಾಡಿನಲ್ಲಿ ಹಳೆಯ ವಿಮಾನಗಳನ್ನು ನೋಡಬೇಕೆಂದರೆ ಈಗ ಕಷ್ಟವಿಲ್ಲ. ಬೆಂಗಳೂರಿನಲ್ಲಿ ಹಿಂದುಸ್ಥಾನ್ ಏರೋನಾಟಿಕ್ಸ್ ಸಂಸ್ಥೆ 2001ರಲ್ಲಿ ತೆರೆದ ವಸ್ತುಸಂಗ್ರಹಾಲಯವಿದೆ. ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರದಲ್ಲಿ ಸ್ಥಾಪಿಸಿದ ಕಾರಖಾನೆಯ ಕಥೆಯನ್ನು ಅಲ್ಲಿ ಯಂತ್ರಗಳೇ ಹೇಳುತ್ತವೆ. ಕಾರವಾರದ ಕಡಲತೀರದಲ್ಲಿ ‘ಚಪಲ್’ ಯುದ್ಧನೌಕೆಯ ಮಗ್ಗುಲಿಗೆ, ನೌಕಾದಳದಲ್ಲಿ 2017ರವರೆಗೆ ದುಡಿದ ಟುಪೊಲೆವ್ ವಿಮಾನವೊಂದು ಬಂದು ನಿಂತಿದೆ. ಅದನ್ನು ಅರಕ್ಕೋಣಂ ನೆಲೆಯಿಂದ ಬಿಡಿಬಿಡಿಯಾಗಿ ಕಳಚಿ ತಂದು ಇಲ್ಲಿ ಮತ್ತೆ ಜೋಡಿಸಿದರು.

ಇಂಥ ಸ್ಥಳಗಳಲ್ಲಿ ವರ್ಷಕ್ಕೊಮ್ಮೆ ಸಮಾರಂಭ ನಡೆಯುವುದುಂಟು. ಅಕ್ಟೋಬರ್ 8 ವಾಯುದಳದ ಹುಟ್ಟುಹಬ್ಬ. ಡಿಸೆಂಬರ್ 16 ವಿಜಯ ದಿವಸ. ಶಾಮಿಯಾನ ಹಾಕುತ್ತಾರೆ, ವಾದ್ಯ ಮೊಳಗುತ್ತದೆ, ಪುಷ್ಪಚಕ್ರ ಇಡುತ್ತಾರೆ. ಮುಖ್ಯ ಅತಿಥಿಗಳು ತರುಣರಿಗೆ ಕರೆ ಕೊಡುತ್ತಾರೆ. ಶಾಲೆಯ ಮಕ್ಕಳು ವಿಮಾನದ ರೆಕ್ಕೆಯ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಇದೆಲ್ಲ ತಪ್ಪೆಂದು ಹೇಳುವವರು ಯಾರು? ಆದರೆ ಮನೆಗೆ ಮರಳಿದ ಮಗುವನ್ನು ಕೇಳಿ ನೋಡಬೇಕು. ವಿಮಾನ ಎಷ್ಟು ವೇಗದಲ್ಲಿ ಹಾರುತ್ತಿತ್ತೆಂದು ಥಟ್ಟನೆ ಹೇಳುತ್ತದೆ. ಅದರಲ್ಲಿ ಕುಳಿತವನಾರು, ಅದರ ಎಂಜಿನ್ನನ್ನು ರಾತ್ರಿಯಿಡೀ ಎಚ್ಚರವಿದ್ದು ಸರಿಪಡಿಸಿದವನಾರು ಎಂದು ಕೇಳಿದರೆ ಸುಮ್ಮನಾಗುತ್ತದೆ. ತಪ್ಪು ಮಗುವಿನದಲ್ಲ, ಅದಕ್ಕೆ ಯಾರೂ ಹೇಳಲಿಲ್ಲ.

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ವಿಮಾನಗಳಿಗೆ ವಾಯುದಳ ಬೀಳ್ಕೊಡುಗೆ ನೀಡಿತು. 1963ರಲ್ಲಿ ಬಂದ ಆ ವಿಮಾನ ಅರವತ್ತೆರಡು ವರ್ಷ ಸೇವೆ ಸಲ್ಲಿಸಿತ್ತು. ದೇಶವೆಲ್ಲ ಅಭಿಮಾನದಿಂದ ನೋಡಿತು. ಅದರ ಅಪಘಾತಗಳಲ್ಲಿ ಜೀವ ತೆತ್ತ ತರುಣ ಚಾಲಕರ ತಾಯ್ತಂದೆಗಳೂ ಆ ದಿನ ಅದನ್ನು ನೋಡಿರಬೇಕು. ಅವರಿಗೆ ಆ ಯಂತ್ರ ಕಂಡ ಬಗೆ ನಮಗೆ ಕಂಡ ಬಗೆಯೇ ಆಗಿರಲಾರದು.

ಸತ್ತವರನ್ನು ನೆನೆಯುವ ಕ್ರಮವನ್ನು ಕನ್ನಡಿಗರು ಹೊರಗಿನವರಿಂದ ಕಲಿಯಬೇಕಾಗಿಲ್ಲ. ಸಾವಿರ ವರ್ಷಗಳಿಗೂ ಹಿಂದಿನಿಂದ ನಾವು ವೀರಗಲ್ಲುಗಳನ್ನು ನಿಲ್ಲಿಸಿದ ಜನ. ಅವುಗಳಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೊಯ್ಯುವ ನೋಟ, ಮೇಲೆ ಶಿವನ ಸನ್ನಿಧಿ, ಅದರ ನೆತ್ತಿಯಲ್ಲಿ ಸೂರ್ಯಚಂದ್ರರು. ನಡುವಣ ಪಟ್ಟಿಕೆಯಲ್ಲಿ ಎಷ್ಟೋ ಕಡೆ ವೀರ ಕುಳಿತಿರುವುದು ವಿಮಾನದಲ್ಲಿಯೇ! ಶಿಲ್ಪಿ ಕಂಡ ವಿಮಾನ ಬೇರೆ, ನಾವು ಕಂಡದ್ದು ಬೇರೆ. ಆದರೆ ವಿಮಾನಕ್ಕಿಂತ ಅದರಲ್ಲಿ ಕುಳಿತವನು ದೊಡ್ಡವನೆಂಬುದನ್ನು ಆ ಶಿಲ್ಪಿ ಒಂದು ಗಳಿಗೆಯೂ ಮರೆಯಲಿಲ್ಲ.

ಕಲ್ಲಿನ ಮೇಲಿನ ಬರಹವೂ ಅಷ್ಟೇ ಚೊಕ್ಕಟ. ಯಾವ ಅರಸನ ಕಾಲ, ಯಾವ ವರ್ಷ, ಸತ್ತವನ ಹೆಸರೇನು, ಏತಕ್ಕಾಗಿ ಸತ್ತನು: ತುರುಗಳನ್ನು ಬಿಡಿಸಲು ಹೋಗಿಯೋ, ಊರನ್ನು ಕಾಯಲು ಹೋಗಿಯೋ, ಹೆಣ್ಣಿನ ಮೊರೆ ಕೇಳಿ ಓಡಿಯೋ. ಕಲ್ಲನ್ನು ನಿಲ್ಲಿಸಿದವರಾರು ಎಂಬುದನ್ನೂ ಹೇಳುತ್ತದೆ. ಸತ್ತವನ ಮನೆಯವರಿಗೆ ಬಿಟ್ಟ ಭೂಮಿಗೆ ‘ನೆತ್ತರುಗೊಡಗೆ’ ಎಂಬ ಹೆಸರಿತ್ತು. ಹೊಗಳಿಕೆಯೊಡನೆ ಹೊಣೆಯನ್ನೂ ಹೊತ್ತ ಸ್ಮರಣೆ ಅದು.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ಓದುಗರು ಬಲ್ಲರು. ಕ್ರಿ.ಶ. 949-50ರ ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರನ್ನು ಗೆದ್ದ ಕಾಲ. ಗಂಗ ಬೂತುಗನ ಬಂಟ ಮಣಲೆರನು ತನ್ನ ಶೌರ್ಯಕ್ಕೆ ಪ್ರತಿಯಾಗಿ ಒಡೆಯನಿಂದ ಬೇಡಿ ಪಡೆದದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿತು. ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಮಣಲೆರನು ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟನು. ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣುವ ಗೊರವನಿಗೆ ಪಾಪ ತಟ್ಟಲೆಂದು ಕಟ್ಟಳೆಯನ್ನೂ ಮಾಡಿದನು. ಅಂದರೆ ನೆನಪು ವರ್ಷಕ್ಕೊಂದು ಸಲದ ಹಬ್ಬವಾಗದೆ ದಿನದ ಊಟದಷ್ಟು ನಿತ್ಯದ ಕೆಲಸವಾಯಿತು. ಇನ್ನೊಂದು ವಿಶೇಷ: ಕಲ್ಲಿನಲ್ಲಿ ನಾಯಿಯಷ್ಟೇ ಅಲ್ಲ, ಎದುರಾಳಿಯಾದ ಹಂದಿಗೂ ರೂಪವಿದೆ.

ಆ ವಸ್ತುಸಂಗ್ರಹಾಲಯವಿರುವುದು ಕಸ್ತೂರಬಾ ರಸ್ತೆಯಲ್ಲಿ. ಅದರ ನೆರೆಯಲ್ಲಿಯೇ ವಿಶ್ವೇಶ್ವರಯ್ಯ ಕೈಗಾರಿಕಾ ವಸ್ತುಸಂಗ್ರಹಾಲಯ. ಅದರ ಅಂಗಳದಲ್ಲಿ ‘ಮರುತ್’ ಯುದ್ಧವಿಮಾನ. ಭಾರತದಲ್ಲೇ ರೂಪುಗೊಂಡ ಈ ಮೊದಲ ಜೆಟ್ ಯುದ್ಧವಿಮಾನ 1961ರ ಜೂನ್ 17ರಂದು, ಗೋವೆಯ ಬಿಡುಗಡೆಗೆ ಆರು ತಿಂಗಳು ಮುಂಚೆ, ಬೆಂಗಳೂರಿನ ಆಕಾಶದಲ್ಲಿ ಮೊದಲು ಹಾರಿತು. ಜರ್ಮನಿಯ ಕುರ್ಟ್ ಟ್ಯಾಂಕ್ ಅದರ ವಿನ್ಯಾಸಕ. ಅದನ್ನು ಮೊದಲು ಹಾರಿಸಿದವರು ಸುರಂಜನ್ ದಾಸ್. 1970ರ ಜನವರಿ 10ರಂದು ಇನ್ನೊಂದು ಮರುತ್ ವಿಮಾನವನ್ನು ಪರೀಕ್ಷಿಸುವಾಗಲೇ ಅವರು ಅಪಘಾತದಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆಯಿದೆ. ದಿನವೂ ಸಾವಿರಾರು ಜನ ಅದರ ಮೇಲೆ ಓಡಾಡುತ್ತಾರೆ. ಆ ಹೆಸರು ಯಾರದೆಂದು ಅವರಲ್ಲಿ ಎಷ್ಟು ಮಂದಿ ಬಲ್ಲರು? ನಾಯಿಯ ಹೆಸರು ಸಾವಿರದ ಎಪ್ಪತ್ತು ವರ್ಷ ಬಾಳಿದೆ, ಏಕೆಂದರೆ ಅದರ ಕಥೆಯನ್ನು ಹೆಸರಿನೊಡನೆಯೇ ಕೆತ್ತಿದ್ದಾರೆ. ರಸ್ತೆಯ ಫಲಕದಲ್ಲಿ ಹೆಸರು ಉಂಟು, ಕಥೆ ಇಲ್ಲ.

ಹೆಸರೂ ಕಥೆಯೂ ಎರಡೂ ಕಳೆದುಹೋಗಿ ಮತ್ತೆ ದೊರೆತ ಪ್ರಸಂಗವೊಂದು ಕೊಡಗಿನದು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲಿನ ದಾಳಿಗೆ ಹೋದರು, ಹಿಂತಿರುಗಲಿಲ್ಲ. ಹೇಗೆ ಸತ್ತರೆಂದು ಕಂಡವರು ನಮ್ಮ ಕಡೆ ಯಾರೂ ಇರಲಿಲ್ಲ. ‘ಕಾಣೆಯಾದರು’ ಎಂಬ ಮಾತಿನೊಡನೆ ಕಥೆ ನಿಂತಿತು. 1979ರಲ್ಲಿ ಇಂಗ್ಲಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ಕಡೆಯ ವಿವರಗಳನ್ನು ಆಧರಿಸಿ ಆ ಯುದ್ಧದ ಮೇಲೆ ಪುಸ್ತಕ ಬರೆದರು. ಹಳೆಯ ಮಿಸ್ತೇರ್ ವಿಮಾನವೊಂದು ಏಟು ತಿಂದ ಮೇಲೂ ತಿರುಗಿ ನಿಂತು, ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಕೆಡವಿತೆಂದು ಅದರಿಂದ ತಿಳಿಯಿತು. ಸ್ಟಾರ್‌ಫೈಟರಿನ ಚಾಲಕ ಅಮ್ಜದ್ ಹುಸೇನ್ ಹಾರಿಕೊಂಡು ಬದುಕಿದ್ದನು. ಲೆಕ್ಕ ಹಾಕಿ ನೋಡಿದಾಗ ಆ ಮಿಸ್ತೇರ್ ದೇವಯ್ಯನವರದೆಂದು ಗೊತ್ತಾಯಿತು. ಅಂದಿನ ದಾಳಿಯ ಮುಂದಾಳು ತನೇಜಾ ಅವರು ಬಿಡದೆ ಈ ವಿಷಯವನ್ನು ಸರಕಾರದ ಮುಂದಿಟ್ಟರು. 1988ರಲ್ಲಿ, ಸತ್ತು ಇಪ್ಪತ್ತಮೂರು ವರ್ಷಗಳಾದ ಮೇಲೆ, ದೇವಯ್ಯನವರಿಗೆ ಮಹಾವೀರ ಚಕ್ರ ಬಂದಿತು. ಈಗ ಮಡಿಕೇರಿಯಲ್ಲಿ ಅವರ ಪ್ರತಿಮೆಯಿದೆ.

ಈ ಕಥೆಯನ್ನು ಉಳಿಸಿದವರಲ್ಲಿ ಶತ್ರುಪಕ್ಷದ ಪಾಲೂ ಇದೆಯೆಂಬುದನ್ನು ಗಮನಿಸಬೇಕು. ಹಂದಿಯನ್ನು ಕೆತ್ತದೆ ಹೋಗಿದ್ದರೆ ಕಾಳಿಯ ಕಾಳಗ ಅರ್ಥವಾಗುತ್ತಿರಲಿಲ್ಲ. ಎದುರಾಳಿಯನ್ನು ಅಳಿಸಿಹಾಕುವ ಸ್ಮರಣೆಯಲ್ಲಿ ನಮ್ಮವನ ಶೌರ್ಯವೂ ಅರ್ಧ ಅಳಿಸಿಹೋಗುತ್ತದೆ.

ಮತ್ತೆ ಬೆಳಗಾವಿಗೆ ಬರೋಣ. ಸಾಂಬ್ರಾದಲ್ಲಿ ವಾಯುಸೈನಿಕರ ತರಬೇತಿ ಶಾಲೆಯಿದೆ. 1932ರಲ್ಲಿ ವಾಯುದಳ ಹುಟ್ಟಿದಾಗ ಅಧಿಕಾರಿಗಳು ಬೆರಳೆಣಿಕೆಯಷ್ಟು. ಅವರೊಡನಿದ್ದ 19 ಮಂದಿಯನ್ನು ‘ಹವಾಯಿ ಸಿಪಾಯಿ’ಗಳೆಂದು ಕರೆಯುತ್ತಿದ್ದರು. ಎಂಜಿನ್ನು ಬಿಚ್ಚಿ ಜೋಡಿಸುವವರು, ಮದ್ದುಗುಂಡು ತುಂಬುವವರು, ನಿಸ್ತಂತು ನೋಡಿಕೊಳ್ಳುವವರು: ಇವರ ಕೈಯಿಲ್ಲದೆ ಯಾವ ವಿಮಾನವೂ ನೆಲ ಬಿಟ್ಟೇಳದು. ಅವರ ಸಂತತಿಯೇ ಇಂದು ಸಾಂಬ್ರಾದ ಮೈದಾನದಲ್ಲಿ ಕವಾಯತು ಮಾಡುತ್ತಿರುವುದು. ಡಿಸೆಂಬರ್ 18ರ ಆ ದಿನ ಆರು ಹಂಟರುಗಳನ್ನು ಸಜ್ಜುಗೊಳಿಸಿದ ಕೈಗಳನ್ನು ಯಾವ ಸಮಾರಂಭದಲ್ಲಿ ನೆನೆಯುತ್ತೇವೆ?

ಬೆಳಗಾವಿಗೆ ದೊಡ್ಡ ವಿಮಾನ ಸಂಗ್ರಹಾಲಯವೇ ಬೇಕೆಂದು ನಾವು ಹಟ ಹಿಡಿಯುವುದಿಲ್ಲ. ಬಂದರೆ ಸಂತೋಷ. ಅದಕ್ಕೆ ಮುಂಚೆ, ಹೆಚ್ಚು ಖರ್ಚಿಲ್ಲದೆ ಆಗುವ ಕೆಲಸವೊಂದಿದೆ. ಸೈನ್ಯ ಗೋವೆಯತ್ತ ಸಾಗಿದ ಈ ದಾರಿಯ ಮಗ್ಗುಲಲ್ಲಿ, ಮಚ್ಛೆಯಂಥ ಜನ ಓಡಾಡುವ ಜಾಗದಲ್ಲಿ, ಒಂದು ಕಲ್ಲು ನಿಲ್ಲಿಸಬಹುದು. ಅದರ ಮೇಲೆ ಹಳೆಯ ಕ್ರಮದಲ್ಲಿಯೇ ಬರೆಯಲಿ: ಯಾವ ವರ್ಷ, ಯಾರು ಹೋದರು, ಏತಕ್ಕಾಗಿ ಹೋದರು, ಯಾರು ಮರಳಲಿಲ್ಲ, ಯಾವುದನ್ನು ಮುಟ್ಟದೆ ಬಿಟ್ಟರು, ಎಲ್ಲಿ ತಪ್ಪಿದರು. ವಿಮಾನದ ಹೆಸರಿನ ಪಕ್ಕದಲ್ಲಿ ಅದನ್ನು ಹಾರಿಸಿದವರ ಮತ್ತು ಸಜ್ಜುಗೊಳಿಸಿದವರ ಹೆಸರುಗಳಿರಲಿ. ವರ್ಷಕ್ಕೊಮ್ಮೆ ಅಲ್ಲಿ ಭಾಷಣ ಕಡಿಮೆಯಾಗಿ, ಆ ಹೆಸರುಗಳನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸುವುದು ಹೆಚ್ಚಾಗಲಿ.

ಜ್ಞಾನಸಂಗಮದಲ್ಲಿ ಕಲಿತು ಹೊರಬೀಳುವ ತರುಣ ನಾಳೆ ವಿಮಾನದ ಬಿಡಿಭಾಗವನ್ನು ವಿನ್ಯಾಸ ಮಾಡಿಯಾನು. ಕಾರಖಾನೆಯ ಕೆಲಸಗಾರ ಅದನ್ನು ಕಡೆದು ಕೊಟ್ಟಾನು. ಬಸ್ಸಿಗೆ ಕಾಯುತ್ತ ನಿಂತ ಅವರಿಬ್ಬರೂ ಆ ಕಲ್ಲನ್ನು ಒಮ್ಮೆ ಓದಿದರೆ, ತಮ್ಮ ಕೈಕೆಲಸದ ಮೇಲೆ ಯಾರದೋ ಜೀವ ನಿಂತಿರುತ್ತದೆಂಬ ಅರಿವು ಅವರಿಗಾದೀತು. ಬಸ್ಸು ಬರುವುದರೊಳಗೆ ಓದಿ ಮುಗಿಯುವಷ್ಟೇ ಬರಹವಿದ್ದರೆ ಸಾಕು.