ಕಣದ ‘ಲಾಭ’ದಿಂದ ಕಾರ್ಖಾನೆಯ ರೇಡಿಯೋ ಟ್ಯಾಗ್‌ವರೆಗೆ

ಕಣದಲ್ಲಿ ರಾಶಿ ಅಳೆಯುವಾಗ ನಮ್ಮ ಹಿರಿಯರು ಮೊದಲ ಅಳತೆಗೆ ‘ಒಂದು’ ಅನ್ನುತ್ತಿರಲಿಲ್ಲ, ‘ಲಾಭ’ ಅನ್ನುತ್ತಿದ್ದರು. ಆಮೇಲೆ ಎರಡು, ಮೂರು. ಗಟ್ಟಿಯಾಗಿ ಕೂಗಿ ಎಣಿಸುವುದರಿಂದ ಕೊಡುವವರಿಗೂ ಒಯ್ಯುವವರಿಗೂ ಲೆಕ್ಕ ಕೇಳಿಸುತ್ತಿತ್ತು.

ಈಗ ದೊಡ್ಡ ಕಾರ್ಖಾನೆ, ಗೋದಾಮುಗಳಲ್ಲಿ ಎಣಿಸುವ ಕೆಲಸವನ್ನು ರೇಡಿಯೋ ಅಲೆ ಮಾಡುತ್ತಿದೆ. ಇದಕ್ಕೆ ಆರ್‌ಎಫ್‌ಐಡಿ ಅನ್ನುತ್ತಾರೆ. ಹೆಸರು ಹೊಸದಾದರೂ ವಸ್ತು ಹೊಸದಲ್ಲ. ಕುಷ್ಟಗಿಯಿಂದ ಹೊಸಪೇಟೆಗೆ ಹೋಗುವಾಗ ಟೋಲ್‌ನಲ್ಲಿ ಕೆಲಸ ಮಾಡುವ ಫಾಸ್ಟ್ಯಾಗ್ ಇದೇ. ದನಗಳ ಕಿವಿಗೆ ಹಾಕುವ 12 ಅಂಕಿಯ ಹಳದಿ ಬಿಲ್ಲೆ ಮಾತ್ರ ಇದಲ್ಲ. ಅದನ್ನು ಕಣ್ಣಿನಿಂದ ನೋಡಿ ಓದಬೇಕು.

ಗುರುತು ಹಾಕಿ ಲೆಕ್ಕ ಇಡುವುದು ನಮ್ಮ ಜಿಲ್ಲೆಗೆ ಹಳೆಯದು. ಯಲಬುರ್ಗಾ, ಕುಷ್ಟಗಿ ಕಡೆಯ ಕುರಿಗಾರರು ತಮ್ಮ ಕುರಿಗಳಿಗೆ ಬಣ್ಣ ಹಚ್ಚುತ್ತಾರೆ. ಗ್ರಾನೈಟ್ ಕ್ವಾರಿಯಲ್ಲಿ ಕಲ್ಲಿನ ಮೇಲೆ ನಂಬರ್ ಬರೆಯುತ್ತಾರೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಯ ನೀರು ಗಂಗಾವತಿ ಸೀಮೆಗೆ ಭತ್ತ ತಂದಿತು. ಅಕ್ಕಿ ಗಿರಣಿಗಳು ಬೆಳೆದವು. 75 ಕಿಲೋ ಭತ್ತದ ಚೀಲವೇ ಇಲ್ಲಿ ವ್ಯಾಪಾರದ ಮಾತಾಯಿತು. ರೈತರ ದುಡ್ಡು, ಹಮಾಲರ ಕೂಲಿ, ಲಾರಿ ಬಾಡಿಗೆ ಎಲ್ಲವೂ ಚೀಲದ ಎಣಿಕೆಯ ಮೇಲೆ ನಿಂತವು. ಒಂದು ಚೀಲ ತಪ್ಪಿದರೆ ಯಾರದೋ ಹೊಟ್ಟೆಗೆ ಪೆಟ್ಟು.

ಹೊರಗಿನ ಜಗತ್ತಿನಲ್ಲಿ ರೇಡಿಯೋ ಗುರುತಿನ ಕಥೆ ಯುದ್ಧದಿಂದ ಶುರು. ಎರಡನೇ ಮಹಾಯುದ್ಧದಲ್ಲಿ ಬರುತ್ತಿರುವ ವಿಮಾನ ನಮ್ಮದೋ ವೈರಿಯದೋ ತಿಳಿಯಲು ಬ್ರಿಟಿಷರು ರೇಡಿಯೋ ಸಂಕೇತ ಬಳಸಿದರು. 1948ರಲ್ಲಿ ಹ್ಯಾರಿ ಸ್ಟಾಕ್‌ಮನ್, ಕಳಿಸಿದ ಅಲೆಯನ್ನೇ ಹಿಂದಿರುಗಿಸಿ ಸಂದೇಶ ಕೊಡಬಹುದು ಎಂದು ಬರೆದರು. 1973ರಲ್ಲಿ ಮಾರಿಯೋ ಕಾರ್ಡುಲೋ ಅವರಿಗೆ ಅಮೆರಿಕದಲ್ಲಿ ಇಂಥ ಟ್ಯಾಗ್‌ಗೆ ಪೇಟೆಂಟ್ ಸಿಕ್ಕಿತು. ಆದರೆ ಮರುವರ್ಷ, 1974ರಲ್ಲಿ, ಅಂಗಡಿಗೆ ಬಂದದ್ದು ಬಾರ್‌ಕೋಡ್. ಅದು ಅಗ್ಗವಾಗಿತ್ತು, ಗೆದ್ದಿತು.

1990ರ ದಶಕದ ಕೊನೆಗೆ ಕೆವಿನ್ ಆಷ್ಟನ್ ಎಂಬುವರಿಗೆ ಒಂದು ತಲೆನೋವು. ಅವರ ಕಂಪನಿಯ ಒಂದು ಬಣ್ಣದ ಲಿಪ್‌ಸ್ಟಿಕ್ ಅಂಗಡಿಯ ಕಪಾಟಿನಲ್ಲಿ ಸದಾ ಖಾಲಿ. ಮಾಲು ಎಲ್ಲಿ ನಿಂತಿದೆ ಎಂದು ಆಯಾ ಹೊತ್ತಿಗೆ ತಿಳಿಯದಿದ್ದುದೇ ತೊಂದರೆ ಎಂದು ಅವರು ಕಂಡುಕೊಂಡರು. 1999ರಲ್ಲಿ ಎಂಐಟಿಯಲ್ಲಿ ಆಟೋ-ಐಡಿ ಸೆಂಟರ್ ಶುರುವಾಯಿತು. 2003ರಲ್ಲಿ ವಾಲ್‌ಮಾರ್ಟ್, ತನಗೆ ಮಾಲು ಕೊಡುವ 100 ದೊಡ್ಡ ಕಂಪನಿಗಳು 2005ರ ಹೊತ್ತಿಗೆ ಪೆಟ್ಟಿಗೆಗಳಿಗೆ ಟ್ಯಾಗ್ ಹಾಕಬೇಕು ಎಂದಿತು. 2022ರಲ್ಲಿ ಆಟಿಕೆಗಳಿಗೂ ಟ್ಯಾಗ್ ಕೇಳಿತು.

ಆಟಿಕೆ ಅಂದಾಗ ನಮ್ಮ ಕಿವಿ ನೆಟ್ಟಗಾಗುತ್ತವೆ. ಕಿನ್ನಾಳದ ಕಲಾವಿದರು ಮರದ ಗೊಂಬೆಗಳನ್ನು ಒಂದೊಂದಾಗಿ ಕೆತ್ತುತ್ತಾರೆ. ಅಲ್ಲಿ ಲೆಕ್ಕಕ್ಕೆ ಕಣ್ಣು ಸಾಕು. ಭಾನಾಪುರದಲ್ಲಿ 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದ ಆಟಿಕೆ ಕ್ಲಸ್ಟರ್‌ನಂಥ ಜಾಗದ ಮಾತೇ ಬೇರೆ. ಸಾವಿರಾರು ಬಿಡಿಭಾಗ ಬಂದು, ಸಾವಿರಾರು ಪೆಟ್ಟಿಗೆ ಹೋಗುವ ಕಡೆ ದಾಸ್ತಾನು ತಪ್ಪಿದರೆ ಕೆಲಸವೇ ನಿಲ್ಲುತ್ತದೆ. ಹೊರದೇಶದ ದೊಡ್ಡ ಅಂಗಡಿಗೆ ಮಾಲು ಕಳಿಸುವವರು ಅಲ್ಲಿನ ಷರತ್ತಿಗೂ ತಯಾರಿರಬೇಕು.

ಟ್ಯಾಗ್ ಕೆಲಸ ಮಾಡುವುದು ಹೀಗೆ: ಒಂದು ಪುಟ್ಟ ಚಿಪ್, ಸುತ್ತ ತೆಳು ಆಂಟೆನಾ. ಸಾಮಾನ್ಯವಾಗಿ ಬ್ಯಾಟರಿ ಇರುವುದಿಲ್ಲ. ಬಾಗಿಲಲ್ಲಿರುವ ಯಂತ್ರ ಅಲೆ ಬಿಟ್ಟಾಗ ಅದರ ಶಕ್ತಿಯಿಂದಲೇ ಚಿಪ್ ಎಚ್ಚೆತ್ತು ತನ್ನ ನಂಬರ್ ಹೇಳುತ್ತದೆ. ಬಾರ್‌ಕೋಡನ್ನು ಒಂದೊಂದಾಗಿ ಎದುರು ಹಿಡಿಯಬೇಕು. ಇದು ಪೆಟ್ಟಿಗೆಯ ಒಳಗಿದ್ದರೂ, ಹತ್ತಾರು ಒಟ್ಟಿಗೆ ಬಂದರೂ ಸೆಕೆಂಡುಗಳಲ್ಲಿ ಓದಿಸಿಕೊಳ್ಳುತ್ತದೆ.

ಇದಕ್ಕೂ ಕೊರತೆ ಇದೆ. ನೀರು ಅಲೆಯನ್ನು ಹೀರುತ್ತದೆ, ಕಬ್ಬಿಣ ತಿರುಗಿಸಿ ಎಸೆಯುತ್ತದೆ. ಹಾಗಾಗಿ ಹಸಿ ಭತ್ತದ ಚೀಲಗಳ ಅಟ್ಟಿಯಲ್ಲಿ ಕೆಲವು ಟ್ಯಾಗ್ ತಪ್ಪಿಹೋಗಬಹುದು. ಬೇವಿನಹಳ್ಳಿ, ಗಿಣಿಗೇರಾ ಸುತ್ತ ಇರುವಂಥ ಕಬ್ಬಿಣದ ಕಾರ್ಖಾನೆಗಳಿಗೆ ಸಾದಾ ಟ್ಯಾಗ್ ನಡೆಯದು. ಲೋಹಕ್ಕೆಂದೇ ಮಾಡಿದ ದುಬಾರಿ ಟ್ಯಾಗ್ ಬೇಕು.

ನಾವು ಗಮನಿಸಬೇಕಾದದ್ದು ಇನ್ನೊಂದಿದೆ. ಕಣದ ಎಣಿಕೆ ಎಲ್ಲರಿಗೂ ಕೇಳಿಸುತ್ತಿತ್ತು. ರೇಡಿಯೋ ಎಣಿಕೆ ಯಾರಿಗೂ ಕೇಳಿಸದು, ಕಾಣಿಸದು. ಅದು ಕಂಪನಿಯ ಕಂಪ್ಯೂಟರಿಗೆ ಹೋಗಿ ಕೂರುತ್ತದೆ. ಚೀಲಕ್ಕೆ, ಪೆಟ್ಟಿಗೆಗೆ ಇಷ್ಟು ಎಂದು ಕೂಲಿ ಪಡೆಯುವವರು ಅದನ್ನು ನೋಡುವುದು ಹೇಗೆ? ಟೋಲ್‌ನಲ್ಲಿ ದುಡ್ಡು ಕಡಿತವಾದರೆ ಗಾಡಿಯವರ ಫೋನಿಗೆ ಮೆಸೇಜ್ ಬರುತ್ತದೆ. ಎಲೆಕ್ಟ್ರಾನಿಕ್ ಕಾಟಾದ ಅಂಕಿ ರೈತರ ಕಡೆಗೂ ಕಾಣಬೇಕು ಎಂದು ನಾವು ಕೇಳುತ್ತೇವೆ. ಟ್ಯಾಗ್ ಓದುವ ಬಾಗಿಲಿಗೂ ಅದೇ ನ್ಯಾಯ ಬೇಕು: ಮೇಲೊಂದು ಪರದೆ, ಪಾಳಿ ಮುಗಿದಾಗ ಕೈಗೊಂದು ಚೀಟಿ ಇಲ್ಲವೇ ಮೆಸೇಜ್. ನಮ್ಮ ಹುಡುಗ ಹುಡುಗಿಯರು ಇಂಥ ಗೋದಾಮಿನ ಕೆಲಸಕ್ಕೆ ಸೇರುವಾಗ ಸಂಬಳ ಎಷ್ಟು ಎಂದು ಕೇಳುವ ಜೊತೆಗೆ, ಎಣಿಕೆ ನಮಗೂ ತೋರಿಸುತ್ತೀರಾ ಎಂದೂ ಕೇಳಲಿ.